ಎಕ್ಸಿಬಿಷನ್‌ನಲ್ಲಿ ಓಡೋ ಮೊಬೈಲ್ ಟಿವಿ ನಮ್ಮ ಫೋನಿಗೆ ಯಾಕೆ ಬರಲ್ಲ? ಡಿ2ಎಂ ಆದ್ರೂ ಬರುತ್ತಾ?

ನಿಮ್ಮ ಪ್ರಶ್ನೆ ನೋಡಿದೆ. ಇಸಿಇ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಓದ್ತಿದೀರಿ, ದೆಹಲಿಯಲ್ಲಿ ಬ್ರಾಡ್‌ಕಾಸ್ಟ್ ಇಂಜಿನಿಯರ್‌ಗಳ ಸೊಸೈಟಿ ನಡೆಸೋ ಬಿಇಎಸ್ ಎಕ್ಸ್‌ಪೋಗೆ ಹೋಗೋ ಯೋಚನೆ ಇದೆ, ಅಲ್ಲಿ ಸಿಮ್ಮೂ ಇಲ್ದೆ ಡೇಟಾನೂ ಇಲ್ದೆ ಟಿವಿ ಟವರಿಂದ ನೇರವಾಗಿ ಫೋನಿಗೇ ಟಿವಿ ಬರೋ ಡಿ2ಎಂ (ಡೈರೆಕ್ಟ್ ಟು ಮೊಬೈಲ್) ತೋರಿಸ್ತಾರಂತೆ, ಆದ್ರೆ ಇಂಥ ಡೆಮೊಗಳು ಇಪ್ಪತ್ತು ವರ್ಷದಿಂದ ನಡೀತಾನೇ ಇವೆಯಲ್ಲ, ಇದನ್ನ ನಂಬ್ಕೊಂಡು ಪ್ರಾಜೆಕ್ಟ್ ಮಾಡ್ಬೋದಾ ಅಂತ ಕೇಳಿದೀರಿ. ನಾನು ಬೆಂಗಳೂರಲ್ಲಿ ಟಿವಿ ಟ್ರಾನ್ಸ್‌ಮಿಷನ್ ಕಡೆ ಬಹಳ ವರ್ಷದಿಂದ ಕೆಲಸ ಮಾಡ್ತಿದೀನಿ, ಬಿಇಎಸ್ ಎಕ್ಸ್‌ಪೋ, ಮುಂಬೈನ ಬ್ರಾಡ್‌ಕಾಸ್ಟ್ ಇಂಡಿಯಾ ಶೋ ಎರಡನ್ನೂ ಸುತ್ತಿದೀನಿ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲೇ ಹೇಳ್ಬಿಡ್ತೀನಿ, ಸ್ಟಾಲ್‌ನಲ್ಲಿ ಏನು ಓಡ್ತಿದೆ ಅನ್ನೋದಕ್ಕಿಂತ ಆ ಸ್ಟಾಲ್‌ನಲ್ಲಿ ಯಾರು ಬಂದು ನಿಂತಿಲ್ಲ ಅಂತ ನೋಡೋದನ್ನ ಅಭ್ಯಾಸ ಮಾಡ್ಕೊಳ್ಳಿ. ಟ್ರಾನ್ಸ್‌ಮಿಟರ್ ಮಾಡೋರು ಇರ್ತಾರೆ, ಚಿಪ್ ಮಾಡೋರು ಇರ್ತಾರೆ, ಚಾನೆಲ್‌ನವರು ಇರ್ತಾರೆ. ಫೋನ್ ಮಾರೋರು ಮತ್ತೆ ಸಿಮ್ ಕೊಡೋ ಆಪರೇಟರ್‌ಗಳು ಮಾತ್ರ ಇರಲ್ಲ. ಫೋನ್ ಒಳಗೆ ಏನಿರ್ಬೇಕು ಅಂತ ತೀರ್ಮಾನ ಮಾಡೋರು ಅವರೇ ಅಲ್ವಾ.

ಅಮೆರಿಕದ ಕತೆ ತಗೊಳ್ಳಿ, ಅದೇ ತುಂಬಾ ಕಲಿಸುತ್ತೆ. ಲಾಸ್ ವೇಗಸ್‌ನಲ್ಲಿ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಎನ್‌ಎಬಿ ಶೋ ನಡೆಯುತ್ತೆ, ನಮ್ಮ ಫೀಲ್ಡಲ್ಲಿ ಅದು ದೊಡ್ಡ ಜಾತ್ರೆ. 2006ರ ಹೊತ್ತಿಗೆ ಅಲ್ಲಿ ಎಲ್ಲಿ ನೋಡಿದ್ರೂ ಮೊಬೈಲ್ ಟಿವಿ ಮಾತೇ. ಫೋನ್ ಚಿಪ್ ಮಾಡೋ ಕ್ವಾಲ್‌ಕಾಮ್‌ನವರದ್ದು ಮೀಡಿಯಾಫ್ಲೋ ಅನ್ನೋ ಮೊಬೈಲ್ ಟಿವಿ, ಯುರೋಪಿನ ಮೊಬೈಲ್ ಟಿವಿ ಸ್ಟ್ಯಾಂಡರ್ಡ್ ಆದ ಡಿವಿಬಿ-ಎಚ್ ಇಟ್ಕೊಂಡು ಮೋಡಿಯೋ ಅನ್ನೋರು, ಎಲ್ರೂ ಹೊಸ ನೆಟ್‌ವರ್ಕ್ ಕಟ್ತೀವಿ ಅಂತ ಹೊರಟಿದ್ರು. ಸ್ಥಳೀಯ ಟಿವಿ ಸ್ಟೇಷನ್‌ಗಳಿಗೆ ಇದರಿಂದ ಭಯ ಹುಟ್ಟಿತ್ತು, ಅದು ಸಹಜವೇ, ನಮ್ಮತ್ರ ಟವರ್ ಇದೆ ಸ್ಪೆಕ್ಟ್ರಮ್ (ಪ್ರಸಾರಕ್ಕೆ ಬೇಕಾದ ರೇಡಿಯೋ ತರಂಗಗಳ ಪಟ್ಟಿ) ಇದೆ, ಬೇರೆಯೋರು ಬಂದು ಫೋನಿಗೆ ಟಿವಿ ಕೊಟ್ರೆ ನಮ್ಮ ಗತಿ ಏನು ಅಂತ. ಆದ್ರೆ ಅವರ ಡಿಜಿಟಲ್ ಸಿಗ್ನಲ್ಲು ಮನೆ ಮೇಲೆ ಅಲ್ಲಾಡದೆ ನಿಂತಿರೋ ಆಂಟೆನಾಗೆ ಅಂತ ಮಾಡಿದ್ದು. ರಿಸೀವರ್ ಓಡಾಡೋಕೆ ಶುರು ಮಾಡಿದ್ರೆ ಬಿಲ್ಡಿಂಗ್‌ಗಳಿಗೆ ಬಡಿದು ಬರೋ ಪ್ರತಿಫಲನಗಳು ಕ್ಷಣಕ್ಷಣಕ್ಕೂ ಬದಲಾಗಿ ಚಿತ್ರ ಒಡೆದು ಹೋಗ್ತಿತ್ತು. ಅದಕ್ಕೆ ಸ್ಯಾಮ್‌ಸಂಗ್‌ನವರು ಒಂದು ಪರಿಹಾರ ತಂದ್ರು, ಎಲ್‌ಜಿಯವರು ಇನ್ನೊಂದು ತಂದ್ರು, ಅದೇ 6 ಮೆಗಾಹರ್ಟ್ಸ್ ಚಾನೆಲ್‌ನ ಸೆಕೆಂಡಿಗೆ 19.39 ಮೆಗಾಬಿಟ್ ಒಳಗೇ ಸ್ವಲ್ಪ ಜಾಗ ತೆಗೆದು ಓಡಾಡೋ ರಿಸೀವರ್‌ಗೆ ಅಂತ ಗಟ್ಟಿಯಾದ ಸ್ಟ್ರೀಮ್ ಸೇರಿಸೋದು. 2007ರ ಜನವರಿಯಲ್ಲಿ ಅದೇ ವೇಗಸ್‌ನಲ್ಲಿ ಸಿಇಎಸ್ ಅನ್ನೋ ಎಲೆಕ್ಟ್ರಾನಿಕ್ಸ್ ಮೇಳ ನಡೆದಾಗ ಸ್ಯಾಮ್‌ಸಂಗ್‌ನವರು ಜನರನ್ನ ಬಸ್ಸಲ್ಲಿ ಕೂರಿಸ್ಕೊಂಡು ಊರು ಸುತ್ತಿಸಿ ಟಿವಿ ತೋರಿಸಿದ್ರು. ಅದೇ ವಾರ, ಜನವರಿ 9ಕ್ಕೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಐಫೋನ್ ತೋರಿಸಿದ್ರು. ಫೋನ್ ಅಂದ್ರೇನು ಅನ್ನೋದೇ ಅಲ್ಲಿ ಬದಲಾಗ್ತಿತ್ತು.

ಮುಂದೆ ಸ್ಟೇಷನ್‌ಗಳು ಒಟ್ಟಾದವು, ಓಪನ್ ಮೊಬೈಲ್ ವಿಡಿಯೋ ಕೊಅಲಿಷನ್ ಅಂತ 2007ರಲ್ಲೇ ಕೂಟ ಮಾಡ್ಕೊಂಡ್ರು, 2009ರ ಅಕ್ಟೋಬರ್‌ನಲ್ಲಿ ಈ ಓಡಾಡೋ ರಿಸೀವರ್‌ಗಳಿಗೆ ಎ/153 ಅನ್ನೋ ಸ್ಟ್ಯಾಂಡರ್ಡ್ ಬಂತು. ಎರಡೇ ವರ್ಷದಲ್ಲಿ ಜಗಳ ಮುಗಿಸಿ ಸ್ಟ್ಯಾಂಡರ್ಡ್ ಮಾಡೋದು ಸುಲಭದ ಮಾತಲ್ಲ, ಆ ಇಂಜಿನಿಯರ್‌ಗಳ ಮೇಲೆ ನನಗೆ ಈಗ್ಲೂ ಗೌರವ ಇದೆ. ಆದ್ರೆ ಫೋನ್ ಎಲ್ಲಿ? 2012ರಲ್ಲಿ ಡೈಲ್ ಅನ್ನೋ ಹೆಸರಲ್ಲಿ ಸೇವೆ ಶುರುವಾದಾಗ ಮೆಟ್ರೋಪಿಸಿಎಸ್ ಅನ್ನೋ ಸಣ್ಣ ಆಪರೇಟರ್ ಒಂದು ಸ್ಯಾಮ್‌ಸಂಗ್ ಫೋನ್ ತಂತು, ಅದಕ್ಕೆ ರೇಡಿಯೋ ತರ ಎಳೆಯೋ ಆಂಟೆನಾ. ದೊಡ್ಡ ಆಪರೇಟರ್‌ಗಳು ಕೈ ಹಾಕ್ಲಿಲ್ಲ, ಅವರಿಗೆ ಡೇಟಾ ಮಾರೋ ವ್ಯಾಪಾರ ಇದ್ದಾಗ ಡೇಟಾ ಬೇಡದ ಟಿವಿನ ತಾವೇ ಯಾಕೆ ಫೋನಿಗೆ ಹಾಕ್ತಾರೆ? 2015ಕ್ಕೆ ಡೈಲ್ ಮುಚ್ಚಿತು. ಮೀಡಿಯಾಫ್ಲೋ ಇನ್ನೂ ಮುಂಚೆನೇ ಹೋಗಿತ್ತು. ಅದಕ್ಕೆ ವೆರೈಝನ್, ಎಟಿ ಅಂಡ್ ಟಿ ಇಬ್ರೂ ಇದ್ರು ನಿಜ, ಆದ್ರೆ ತಿಂಗಳಿಗೆ ಸುಮಾರು 15 ಡಾಲರ್ ಕೊಟ್ಟು ಸಣ್ಣ ಸ್ಕ್ರೀನಲ್ಲಿ ಹತ್ತಿಪ್ಪತ್ತು ಚಾನೆಲ್ ನೋಡೋಕೆ ಜನ ಸೇರ್ಲಿಲ್ಲ. 2011ರ ಮಾರ್ಚ್‌ನಲ್ಲಿ ನಿಲ್ಲಿಸಿದ್ರು, ಆ ಸ್ಪೆಕ್ಟ್ರಮ್‌ನ 192.5 ಕೋಟಿ ಡಾಲರ್‌ಗೆ ಎಟಿ ಅಂಡ್ ಟಿಗೇ ಮಾರಿದ್ರು. ಟಿವಿಗೆ ಅಂತ ಇಟ್ಟಿದ್ದ ಸ್ಪೆಕ್ಟ್ರಮ್ಮು ಕೊನೆಗೆ ಮೊಬೈಲ್ ಡೇಟಾ ಪಾಲಾಯ್ತು.

ಯುರೋಪ್‌ನಲ್ಲಿ ನೋಕಿಯಾ ಬೆನ್ನಿಗಿದ್ರೂ ಡಿವಿಬಿ-ಎಚ್ ಸೋತಿತು. ತಾಂತ್ರಿಕವಾಗಿ ಒಳ್ಳೇ ಕೆಲಸ ಅದು, ಸಿಗ್ನಲ್‌ನ ಕಂತುಕಂತಾಗಿ ಕಳಿಸಿ ಮಧ್ಯೆ ರಿಸೀವರ್ ನಿದ್ದೆ ಮಾಡೋ ಹಾಗೆ ಮಾಡಿದ್ರು, ಬ್ಯಾಟರಿ ಉಳೀಲಿ ಅಂತ. ಜರ್ಮನಿಯಲ್ಲಿ ಏನಾಯ್ತು ಅಂದ್ರೆ, ಡಿವಿಬಿ-ಎಚ್ ಲೈಸೆನ್ಸ್ ಆಪರೇಟರ್‌ಗಳಿಗೆ ಸಿಗದೆ ಬೇರೆ ಕಂಪನಿಗೆ ಹೋಯ್ತು, ಅದಕ್ಕೆ ಆಪರೇಟರ್‌ಗಳು 2008ರಲ್ಲಿ ಮನೆ ಟಿವಿಯ ಮಾಮೂಲಿ ಡಿವಿಬಿ-ಟಿ ಸಿಗ್ನಲ್ಲನ್ನೇ ಪುಕ್ಕಟೆಯಾಗಿ ಹಿಡಿಯೋ ಎಲ್‌ಜಿ ಫೋನನ್ನ ಅಂಗಡಿಗೆ ತಂದ್ರು. ದುಡ್ಡು ಕೊಟ್ಟು ನೋಡೋ ಸೇವೆ ಅಲ್ಲಿಗೆ ಮುಗೀತು, ಲೈಸೆನ್ಸ್ ವಾಪಸ್ ಹೋಯ್ತು.

ಗೆದ್ದಿದ್ದು ಎಲ್ಲಿ ಅಂದ್ರೆ ಜಪಾನ್, ಕೊರಿಯಾ. ಜಪಾನ್‌ನವರು ಡಿಜಿಟಲ್ ಟಿವಿ ರೂಪಿಸುವಾಗ್ಲೇ ಒಂದು ಚಾನೆಲ್‌ನ 13 ತುಂಡು ಮಾಡಿ ನಡುವಿನ ಒಂದು ತುಂಡನ್ನ ಫೋನಿಗೆ ಅಂತ ಮೀಸಲಿಟ್ಟಿದ್ರು, ಒನ್‌ಸೆಗ್ ಅಂತ ಅದರ ಹೆಸರು, 2006ರ ಏಪ್ರಿಲ್ 1ಕ್ಕೆ ಶುರು. ಪುಕ್ಕಟೆ, ಮಾಮೂಲಿ ಟಿವಿ ಟವರಿಂದಲೇ ಬರೋದು, ಮತ್ತೆ ಆಪರೇಟರ್‌ಗಳೇ ತಮ್ಮ ಹ್ಯಾಂಡ್‌ಸೆಟ್‌ಗಳಲ್ಲಿ ಟ್ಯೂನರ್ (ಟಿವಿ ಸಿಗ್ನಲ್ ಹಿಡಿಯೋ ಭಾಗ) ಹಾಕಿಸಿ ಮಾರ್ತಿದ್ರು. ಫೋನಲ್ಲಿ ಒನ್‌ಸೆಗ್ ಇದ್ರೂ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಗೆ ಶುಲ್ಕ ಕಟ್ಟಬೇಕು ಅಂತ 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೂ ಕೇಸ್ ಹೋಗೋಷ್ಟು ಅದು ಜನರ ಜೇಬಲ್ಲಿತ್ತು. ಕೊರಿಯಾದಲ್ಲಿ 2005ರ ಡಿಸೆಂಬರ್‌ನಲ್ಲಿ ಟಿ-ಡಿಎಂಬಿ ಅನ್ನೋ ಮೊಬೈಲ್ ಟಿವಿ ಬಂತು, ಅದೂ ಪುಕ್ಕಟೆ, ಫೋನ್ ಮಾಡೋ ಸ್ಯಾಮ್‌ಸಂಗ್, ಎಲ್‌ಜಿ ಎರಡೂ ಅವರದೇ ದೇಶದ ಕಂಪನಿಗಳು. ಅಂದ್ರೆ ಫೋನ್‌ನವರು ಮೊದಲ ದಿನದಿಂದ ಜೊತೇಲಿದ್ರು. ಜಪಾನ್‌ನಲ್ಲೂ ಐಫೋನಲ್ಲಿ ಈ ಟ್ಯೂನರ್ ಇರ್ಲಿಲ್ಲ, ಐಫೋನ್ ಹೆಚ್ಚಾದ ಹಾಗೆ ಒನ್‌ಸೆಗ್ ಬಳಕೆ ಇಳೀತಾ ಬಂತು.

ಈಗ ನಮ್ಮ ಕಡೆ ಬರೋಣ. ದೂರದರ್ಶನ 2007ರಲ್ಲೇ ದೆಹಲಿಯಲ್ಲಿ ನೋಕಿಯಾ ಜೊತೆ ಡಿವಿಬಿ-ಎಚ್ ಪೈಲಟ್ ಮಾಡಿತ್ತು. 2016ರ ಫೆಬ್ರವರಿಯಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಡಿವಿಬಿ-ಟಿಯ ಮುಂದಿನ ತಲೆಮಾರಾದ ಡಿವಿಬಿ-ಟಿ2 ಮೂಲಕ ಮೊಬೈಲ್ ಟಿವಿ ಶುರು ಮಾಡ್ತು, ಗೊತ್ತಿತ್ತಾ ನಿಮಗೆ? ಬಹಳ ಜನಕ್ಕೆ ಗೊತ್ತಿಲ್ಲ. ಯಾಕಂದ್ರೆ ಫೋನಿಗೆ ಒಂದು ಡಾಂಗಲ್ (ಹೊರಗಿಂದ ಸಿಕ್ಕಿಸೋ ಸಣ್ಣ ರಿಸೀವರ್) ತಗೊಂಡು ಚುಚ್ಚಬೇಕಿತ್ತು, ಅದನ್ನ ಮಾರೋ ಅಂಗಡಿ ಹುಡುಕೋದೇ ಕಷ್ಟ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಅಗ್ಗ ಆಯ್ತು, ಡಾಂಗಲ್ ಮಾತು ಯಾರೂ ಎತ್ತಲಿಲ್ಲ. ಟ್ರಾನ್ಸ್‌ಮಿಟರ್‌ಗಳು ಸರಿಯಾಗಿ ಕೆಲಸ ಮಾಡ್ತಿದ್ವು, ಸಿಗ್ನಲ್ ಗಾಳೀಲಿತ್ತು, ಹಿಡಿಯೋ ಕೈ ಇರ್ಲಿಲ್ಲ. ಇದು ನನಗೆ ನಿಜವಾಗ್ಲೂ ಬೇಜಾರಿನ ವಿಷಯ.

ಡಿ2ಎಂ ಹಿಂದೆ ನಮ್ಮೂರಿನ ಕೆಲಸ ಇದೆ, ಅದಕ್ಕೆ ನಿಮ್ಮ ಪ್ರಶ್ನೆ ನನಗೆ ಇಷ್ಟ ಆಯ್ತು. ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಇದರ ಚಿಪ್ ಮಾಡಿದೋರು, ಈಗ ಅದು ಬೆಂಗಳೂರಿನದೇ ಆದ ತೇಜಸ್ ನೆಟ್‌ವರ್ಕ್ಸ್ ಕೈಯಲ್ಲಿದೆ. ಐಐಟಿ ಕಾನ್ಪುರ, ಪ್ರಸಾರ ಭಾರತಿ ಜೊತೆ ಸೇರಿ ಅಮೆರಿಕದ ಹೊಸ ಟಿವಿ ಸ್ಟ್ಯಾಂಡರ್ಡ್ ಆದ ಎಟಿಎಸ್‌ಸಿ 3.0 ಆಧಾರದ ಮೇಲೆ ಮಾಡಿರೋ ವ್ಯವಸ್ಥೆ, ಬೆಂಗಳೂರು, ನೋಯ್ಡಾ, ದೆಹಲಿಯ ಕರ್ತವ್ಯಪಥದಲ್ಲಿ ಟ್ರಯಲ್ ಆಗಿದೆ, 19 ನಗರಗಳಲ್ಲಿ ಮಾಡ್ತೀವಿ ಅಂತ 2024ರ ಜನವರಿಯಲ್ಲಿ ವಾರ್ತಾ ಮತ್ತು ಪ್ರಸಾರ ಇಲಾಖೆ ಕಾರ್ಯದರ್ಶಿ ಹೇಳಿದ್ರು. 470ರಿಂದ 582 ಮೆಗಾಹರ್ಟ್ಸ್ ಇದಕ್ಕೆ ಇಡ್ಬೇಕು ಅನ್ನೋ ಮಾತಿದೆ. ಇದರ ಅಗತ್ಯ ಇದೆ ಅಂತ ನಾನೂ ನಂಬ್ತೀನಿ. 2023ರ ವಿಶ್ವಕಪ್ ಫೈನಲ್‌ನ ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡಿದ್ರು, ಅಷ್ಟೂ ಜನಕ್ಕೆ ಒಬ್ಬೊಬ್ಬರಿಗೂ ಬೇರೆ ಬೇರೆ ಸ್ಟ್ರೀಮ್ ಹೋಗಿದೆ, ನೋಡೋರು ಎಲ್ರೂ ನೋಡಿದ್ದು ಅದೇ ಬಾಲ್. ಟವರಿಂದ ಬಿಟ್ರೆ ಒಬ್ಬ ನೋಡಿದ್ರೂ ಕೋಟಿ ಜನ ನೋಡಿದ್ರೂ ಸಿಗ್ನಲ್ ಒಂದೇ. ಮೈಸೂರಲ್ಲಿ ಜಂಬೂಸವಾರಿ ದಿನ ಬನ್ನಿಮಂಟಪದ ಕಡೆ ನಿಂತು ಫೋನಲ್ಲಿ ಒಂದು ವಿಡಿಯೋ ಓಪನ್ ಮಾಡಿ ನೋಡಿ, ನಾನು ಏನು ಹೇಳ್ತಿದೀನಿ ಅಂತ ಗೊತ್ತಾಗುತ್ತೆ. ಮಳೆಗಾಲದಲ್ಲಿ ಕೊಡಗಿನಂಥ ಕಡೆ ಎಚ್ಚರಿಕೆ ಕಳಿಸೋಕೂ ಇದು ಉಪಯೋಗ ಆಗ್ಬೋದು, ದೂರದಲ್ಲಿ ಒಂದು ಎತ್ತರದ ಟವರ್ ನಿಂತಿದ್ರೂ ಸಾಕು.

ಆದ್ರೆ ಮತ್ತೆ ಅದೇ ಪ್ರಶ್ನೆ, ಫೋನ್‌ನವರು ಎಲ್ಲಿ? 2023ರ ಕೊನೆಯಲ್ಲಿ ಸ್ಯಾಮ್‌ಸಂಗ್, ಕ್ವಾಲ್‌ಕಾಮ್, ನೋಕಿಯಾ, ಎರಿಕ್ಸನ್ ಎಲ್ಲಾ ಸರ್ಕಾರಕ್ಕೆ ವಿರೋಧ ಬರೆದು ಕಳಿಸಿದ್ರು, ಹಾರ್ಡ್‌ವೇರ್ ಸೇರಿಸಿದ್ರೆ ಒಂದು ಫೋನಿಗೆ 30 ಡಾಲರ್ ಜಾಸ್ತಿ ಆಗುತ್ತೆ, ಬ್ಯಾಟರಿ ತಿನ್ನುತ್ತೆ ಅನ್ನೋದು ಅವರ ವಾದ. ಆಪರೇಟರ್‌ಗಳ ಸಂಘನೂ ಒಪ್ಪಿಲ್ಲ. ಇನ್ನೊಂದು ಕಡೆ 2025ರ ಮೇ ತಿಂಗಳಲ್ಲಿ ಮುಂಬೈನ ವೇವ್ಸ್ ಸಮಾವೇಶದ ಹೊತ್ತಿಗೆ ಲಾವಾ, ಎಚ್‌ಎಂಡಿ ಕಂಪನಿಗಳು ಸಾಂಖ್ಯದ ಚಿಪ್ ಹಾಕಿದ ಕಡಿಮೆ ಬೆಲೆಯ ಫೋನ್‌ಗಳ ಜೊತೆ ಮುಂದೆ ಬಂದ್ವು. ಇಷ್ಟು ವರ್ಷದಲ್ಲಿ ನಮ್ಮಲ್ಲಿ ಆಗಿರೋ ನಿಜವಾದ ಬದಲಾವಣೆ ಇದೇ ಅಂತ ನನ್ನ ಲೆಕ್ಕ, ಹ್ಯಾಂಡ್‌ಸೆಟ್ ಕಂಪನಿ ಹೆಸರು ಸೇರಿದೆ. ದೊಡ್ಡ ಬ್ರ್ಯಾಂಡ್‌ಗಳು ತಾವಾಗೇ ಹಾಕಲ್ಲ, ಸರ್ಕಾರ ನಿಯಮ ಮಾಡಬೇಕು ಅಥವಾ ಆಪರೇಟರ್‌ಗೂ ಆದಾಯದಲ್ಲಿ ಪಾಲು ಸಿಗೋ ಹಾಗೆ ಮಾಡಬೇಕು, ಎರಡೂ ಆಗ್ಲಿಲ್ಲ ಅಂದ್ರೆ ಡಾಂಗಲ್ ಕತೆನೇ.

ಇನ್ನೊಂದು ವಿಷಯ ಬಿಟ್ರೆ ಉತ್ತರ ಅರ್ಧ ಆಗುತ್ತೆ. ಮೊಬೈಲ್‌ಗೆ ಟಿವಿ ಉದ್ಯಮ ಹೊಂದ್ಕೊಂಡಿದ್ದು ಎಕ್ಸಿಬಿಷನ್‌ಗಳ ಬೇರೆ ಮೂಲೆಯಲ್ಲಿ, ಬ್ಯಾಕ್‌ಪ್ಯಾಕ್ ಸ್ಟಾಲ್‌ಗಳಲ್ಲಿ. ಲೈವ್‌ಯು, ಟಿವಿಯು ಅಂತ ಕಂಪನಿಗಳು ನಾಕಾರು ಸಿಮ್ ಒಂದೇ ಬ್ಯಾಗಲ್ಲಿ ಹಾಕಿ ವಿಡಿಯೋನ ಪ್ಯಾಕೆಟ್ ಪ್ಯಾಕೆಟ್ ಮಾಡಿ ಎಲ್ಲಾ ನೆಟ್‌ವರ್ಕ್‌ಗೂ ಹಂಚಿ ಕಳಿಸಿ ಸ್ಟುಡಿಯೋದಲ್ಲಿ ಮತ್ತೆ ಜೋಡಿಸೋದು ತೋರಿಸಿದ್ರು. ಮುಂಚೆ ಲೈವ್ ಅಂದ್ರೆ ಡಿಶ್ ಹೊತ್ತ ಡಿಎಸ್‌ಎನ್‌ಜಿ ವ್ಯಾನು, ಸ್ಯಾಟಲೈಟ್ ಟೈಮ್ ಬುಕ್ ಮಾಡ್ಬೇಕು, ವ್ಯಾನ್ ಹೋಗದ ಗಲ್ಲಿ ಇದ್ರೆ ಸುದ್ದಿನೇ ಇಲ್ಲ. ಈಗ ನಮ್ಮ ಕನ್ನಡ ನ್ಯೂಸ್ ಚಾನೆಲ್ ರಿಪೋರ್ಟರ್ ಬ್ಯಾಗ್ ಹಾಕ್ಕೊಂಡು ಬೈಕಲ್ಲಿ ಹೋಗಿ ಲೈವ್ ಕೊಡ್ತಾರೆ. ಇದು ಯಾಕೆ ಬಂತು ಅಂದ್ರೆ ಯಾರ ಅಪ್ಪಣೆನೂ ಬೇಕಿರ್ಲಿಲ್ಲ, ಚಾನೆಲ್‌ನವರು ದುಡ್ಡು ಕೊಟ್ರು, ಸಿಮ್ ಹಾಕಿದ್ರು, ಆಪರೇಟರ್‌ಗೂ ಡೇಟಾ ಮಾರಾಟ ಆಯ್ತು.

ಪ್ರಾಜೆಕ್ಟ್ ವಿಷಯ. ಮಾಡಿ ಖಂಡಿತ, ಎಟಿಎಸ್‌ಸಿ 3.0 ಒಳಗಿರೋ ಒಎಫ್‌ಡಿಎಂ (ಡೇಟಾನ ಅನೇಕ ಸಣ್ಣ ತರಂಗಗಳಿಗೆ ಹಂಚೋ ವಿಧಾನ), ಎಲ್‌ಡಿಪಿಸಿ (ತಪ್ಪು ತಿದ್ದೋ ಕೋಡ್) ಕಲ್ತ್ರೆ 5ಜಿಗೂ ಬರುತ್ತೆ, ವ್ಯರ್ಥ ಆಗಲ್ಲ. ನಿಮ್ಮ ಜಾಗದಲ್ಲಿ ನಾನಿದ್ರೆ ಆಂಟೆನಾ ತಗೋತಿದ್ದೆ. 500 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ 60 ಸೆಂಟಿಮೀಟರ್, ಕಾಲು ಭಾಗ ಅಂದ್ರೂ 15 ಸೆಂಟಿಮೀಟರ್, ಹೆಚ್ಚುಕಡಿಮೆ ಫೋನಿನಷ್ಟೇ ಉದ್ದ, ಅದನ್ನ 4ಜಿ, 5ಜಿ, ವೈಫೈ ಆಂಟೆನಾಗಳ ಮಧ್ಯೆ ಒಳಗೆ ಕೂರಿಸ್ಬೇಕು. ಡೈಲ್ ಫೋನಿಗೆ ಎಳೆಯೋ ಕಡ್ಡಿ ಇಟ್ಟಿದ್ದು ಇದೇ ಕಾರಣಕ್ಕೆ. ಹಾಲ್ ಒಳಗೆ ಟ್ರಾನ್ಸ್‌ಮಿಟರ್ ಪಕ್ಕದಲ್ಲೇ ಇರೋದ್ರಿಂದ ಈ ಸಮಸ್ಯೆ ಕಾಣಲ್ಲ. ಅದಕ್ಕೆ ಎಕ್ಸ್‌ಪೋಗೆ ಹೋದಾಗ ಫೋನ್ ಕೈಗೆ ಕೇಳಿ ತಗೊಳ್ಳಿ, ಕೇಸ್ ಹಾಕಿ ಎರಡೂ ಕೈಲಿ ಮುಚ್ಚಿ ಹಿಡಿದು ನೋಡಿ, ಒಂದ್ ಗಂಟೆ ನೋಡಿದ್ರೆ ಬ್ಯಾಟರಿ ಎಷ್ಟು ಇಳಿಯುತ್ತೆ ಅಂತ ಕೇಳಿ, ಕಟ್ಟಡದ ಒಳಗೆ ನೆಲಮಹಡಿಯಲ್ಲಿ ಸಿಗ್ನಲ್ ಎಷ್ಟಿತ್ತು ಅಂತ ಟ್ರಯಲ್ ರಿಪೋರ್ಟ್ ಕೇಳಿ. ಬಿಇಎಸ್‌ನಲ್ಲಿ ಆಕಾಶವಾಣಿ, ದೂರದರ್ಶನದ ಇಂಜಿನಿಯರ್‌ಗಳು ಸಿಗ್ತಾರೆ, ಸ್ಟುಡೆಂಟ್ ಅಂದ್ರೆ ಕೂರಿಸ್ಕೊಂಡು ಹೇಳ್ತಾರೆ. ನೀವು ಯಾವ ಸೆಮ್‌ನಲ್ಲಿದೀರಿ ಅಂತ ಕಮೆಂಟ್‌ನಲ್ಲಿ ಹೇಳಿ, ಲ್ಯಾಬಲ್ಲಿ ಎಸ್‌ಡಿಆರ್ (ಸಾಫ್ಟ್‌ವೇರ್‌ನಿಂದ ನಡೆಸೋ ರೇಡಿಯೋ) ಇದ್ರೆ ಎಲ್ಲಿಂದ ಶುರು ಮಾಡ್ಬೋದು ಅಂತ ಬರೀತೀನಿ.