ಐದು ಗಜ ಬಾಕಿ ಇದ್ದಾಗ ಕೈಕಾಲು ನಡುಗುವುದೇಕೆ?

ಸೆಪ್ಟೆಂಬರ್‌ನಿಂದ ಈಚೆಗೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ಊರಿನ ಹೆಸರು ಮಾತ್ರ ಬೇರೆ. ಹಾಗಾಗಿ ಈ ಸಲ ಅದನ್ನೇ ಹಿಡಿದು ಕೂತಿದ್ದೇನೆ. ಉಳಿದವರು ಒಂದೆರಡು ಸಾಲಿಗೆ ಸಮಾಧಾನಪಟ್ಟುಕೊಳ್ಳಬೇಕು. ಫುಟ್‌ಬಾಲ್ ಎಂದರೆ ಇಲ್ಲಿ ಅಮೆರಿಕದವರ ಫುಟ್‌ಬಾಲ್, ಹೆಲ್ಮೆಟ್ ಹಾಕಿಕೊಂಡು ಆಡುವುದು. ಡೌನ್ ಎಂದರೇನು, ಟಚ್‌ಡೌನ್‌ಗೆ ಎಷ್ಟು ಅಂಕ ಎಂದು ಕೇಳುವವರು ಮನೆಯಲ್ಲಿರುವ ಮಕ್ಕಳನ್ನು ಕೇಳಿ, ನನ್ನನ್ನಲ್ಲ. ಮಕ್ಕಳಿಲ್ಲದವರಿಗೆ ಇಷ್ಟು ಸಾಕು: ಡೌನ್ ಎಂದರೆ ಒಂದು ಅವಕಾಶ, ಒಟ್ಟು ನಾಲ್ಕು; ಎದುರಾಳಿಯ ಗೋಲ್ ಲೈನ್ ದಾಟಿ ಅದರ ಹಿಂದಿನ ಎಂಡ್ ಝೋನ್‌ಗೆ ಚೆಂಡು ಒಯ್ದರೆ ಟಚ್‌ಡೌನ್, ಅದರ ಮೇಲಿನ ಕಿಕ್ ಸೇರಿ ಏಳಂಕ.

ಪ್ರಶ್ನೆ: ನಾವಿರುವುದು ಡಲ್ಲಾಸ್ ಹತ್ತಿರ. ಮಗ ಹೈಸ್ಕೂಲ್ ತಂಡದಲ್ಲಿ ಟೈಟ್ ಎಂಡ್ (ಲೈನಿನ ತುದಿಯಲ್ಲಿ ನಿಂತು ಎದುರಾಳಿಯನ್ನು ತಡೆಯುವ, ಚೆಂಡೂ ಹಿಡಿಯುವ ಆಟಗಾರ). ಎಂಬತ್ತು ಗಜ ಸಲೀಸಾಗಿ ಬರುವ ತಂಡ ಐದು ಗಜದ ಗೆರೆ ಮುಟ್ಟಿದ ಕೂಡಲೇ ಮೂರು ಸಲ ನಟ್ಟನಡುವೆ ನುಗ್ಗುತ್ತದೆ, ನಾಲ್ಕನೆಯದಕ್ಕೆ ಕಂಬಗಳ ನಡುವೆ ಚೆಂಡು ಒದ್ದು, ಎಂದರೆ ಫೀಲ್ಡ್ ಗೋಲ್ ಹೊಡೆದು, ಮೂರು ಅಂಕ ತಂದು ಕೂರುತ್ತದೆ. ಕೋಚ್ ಪರಿಚಯದವರು, ಹೇಳಿದರೆ ಕೇಳುತ್ತಾರೆ. ಯಾವ ಹೊಸ ಪ್ಲೇ (ಮೊದಲೇ ಹೆಣೆದಿಟ್ಟ ನಡೆ) ಸೇರಿಸಲು ಹೇಳಲಿ?

ಯಾವುದನ್ನೂ ಸೇರಿಸಬೇಡಿ. ನಿಮ್ಮ ತಂಡದಲ್ಲಿ ಪ್ಲೇಗಳಿಗೆ ಬರವಿಲ್ಲ. ನಾಲ್ಕನೇ ಡೌನ್‌ನಲ್ಲಿ ಏನು ಮಾಡಬೇಕೆಂದು ನಿಮ್ಮ ಕೋಚ್ ನಾಲ್ಕನೇ ಡೌನ್ ಬಂದ ಮೇಲೆ ಯೋಚಿಸುತ್ತಾರೆ, ಕಾಯಿಲೆ ಇರುವುದು ಅಲ್ಲಿ. ಆ ಹೊತ್ತಿಗೆ ಗಡಿಯಾರ ಓಡುತ್ತಿರುತ್ತದೆ, ಗ್ಯಾಲರಿಯಲ್ಲಿ ಅಪ್ಪ ಅಮ್ಮಂದಿರು ಕೂಗುತ್ತಿರುತ್ತಾರೆ, ಕಿಕ್ಕರ್ ಹುಡುಗ ಪಕ್ಕದಲ್ಲೇ ಕಾಲು ಆಡಿಸುತ್ತ ನಿಂತಿರುತ್ತಾನೆ. ಒದ್ದು ಸೋತ ಕೋಚನ್ನು ಯಾರೂ ಬೈಯುವುದಿಲ್ಲ. ನುಗ್ಗಿ ಸೋತವನನ್ನು ಊರೆಲ್ಲ ಬೈಯುತ್ತದೆ. ಇದನ್ನು ಎಚ್ಚರಿಕೆ ಎಂದು ಕರೆಯುವುದು ತಪ್ಪು, ಇದು ಬೈಸಿಕೊಳ್ಳುವ ಭಯ.

ಹನ್ನೆರಡು ವರ್ಷ ನಾನೂ ಒಂದು ಹೈಸ್ಕೂಲ್ ತಂಡದ ಆಫೆನ್ಸ್ ಲೈನ್, ಎಂದರೆ ಮುಂದೆ ನಿಂತು ದಾರಿ ಮಾಡಿಕೊಡುವವರನ್ನು, ನೋಡಿಕೊಂಡವನು. ಒಂದು ಶುಕ್ರವಾರ ಸಂಜೆಯಿಂದಲೇ ಜಿನುಗು ಮಳೆ. ನಾಲ್ಕನೇ ಡೌನ್, ಬಾಕಿ ಇದ್ದದ್ದು ಒಂದೇ ಗಜ, ನಾವು ನಾಲ್ಕು ಅಂಕ ಹಿಂದೆ. ಮುಖ್ಯ ಕೋಚ್ ಕಿಕ್ ತಂಡವನ್ನು ಕಳಿಸಿದರು. ನೆನೆದ ಚೆಂಡು ಅದನ್ನು ಹಿಂದಕ್ಕೆ ಕೊಡುವ ಸೆಂಟರ್ ಕೈಯಿಂದ ಜಾರಿತು, ಹಿಡಿಯಬೇಕಿದ್ದವನ ಮೊಣಕಾಲಿಗೆ ಬಡಿದು ಪಕ್ಕಕ್ಕೆ ಉರುಳಿತು, ಎದುರಾಳಿ ಅದರ ಮೇಲೆ ಬಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಸ್ಸಿನಲ್ಲಿ ಅವರು ಹೇಳಿದ್ದು: "ಸಿಗುವ ಪಾಯಿಂಟ್ ತಗೊಳ್ಳೋದೇ ಜಾಣತನ." ಸಿಕ್ಕಿದ್ದು ಸೊನ್ನೆ. ಮೂರು ಸಿಕ್ಕಿದ್ದರೂ ಒಂದು ಅಂಕ ಹಿಂದೆಯೇ ಇರುತ್ತಿದ್ದೆವು!

"ಸಿಗುವ ಪಾಯಿಂಟ್ ತಗೋ" ಎನ್ನುವುದು ಈ ಆಟದ ಅತಿ ಹಳೆಯ ಮೂಢನಂಬಿಕೆ. ಲೆಕ್ಕ ಹಾಕಿ. ಒಂದು ಗಜದಿಂದ ಒದ್ದರೆ ಮೂರು ಅಂಕ, ಹೆಚ್ಚುಕಮ್ಮಿ ಖಾತ್ರಿ. ನುಗ್ಗಿದರೆ ಎರಡಕ್ಕೆ ಒಂದು ಸಲ ಸಿಗುತ್ತದೆ ಎಂದಿಟ್ಟುಕೊಳ್ಳಿ: ಏಳರ ಅರ್ಧ ಮೂರೂವರೆ. ಇಲ್ಲೇ ಮೂರನ್ನು ದಾಟಿತು. ಯಾರೂ ಎಣಿಸದ ಲಾಭ ಇನ್ನೊಂದಿದೆ. ಒದ್ದ ಮೇಲೆ ನೀವು ಕಿಕಾಫ್ ಮಾಡಿ ಚೆಂಡು ಬಿಟ್ಟುಕೊಡಬೇಕು, ಎದುರಾಳಿ ಆರಾಮವಾಗಿ ತನ್ನ ಇಪ್ಪತ್ತು, ಮೂವತ್ತು ಗಜದಿಂದ ಶುರು ಮಾಡುತ್ತಾನೆ. ನುಗ್ಗಿ ವಿಫಲರಾದರೆ ಅವನು ಶುರು ಮಾಡಬೇಕಾದದ್ದು ತನ್ನದೇ ಒಂದು ಗಜದ ಗೆರೆಯಿಂದ. ಮುಂದೆ 99 ಗಜ, ಬೆನ್ನಿಗೆ ಗೋಡೆ. ಅಲ್ಲಿ ಎಡವಿ ತನ್ನದೇ ಎಂಡ್ ಝೋನ್‌ನಲ್ಲಿ ಚೆಂಡಿನೊಂದಿಗೆ ಸಿಕ್ಕಿಬಿದ್ದರೆ ಸೇಫ್ಟಿ, ನಿಮಗೆ ಎರಡು ಅಂಕ, ಮೇಲೆ ಚೆಂಡೂ ನಿಮ್ಮದೇ.

ಇದು ನನ್ನ ಸ್ವಂತ ಲೆಕ್ಕವಲ್ಲ. ಬರ್ಕ್ಲಿಯ ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ 2006ರಲ್ಲೇ ಪ್ರಕಟಿಸಿದ್ದರು. ನಾಲ್ಕನೇ ಡೌನ್, ಎರಡು ಗಜ ಬಾಕಿ: ಟಚ್‌ಡೌನ್ ಸಿಗುವ ಸಾಧ್ಯತೆ ಏಳಕ್ಕೆ ಮೂರು. ಏಳಂಕದ ಏಳನೇ ಮೂರು ಭಾಗ ಎಂದರೆ ಮೂರಂಕ, ಒದ್ದರೂ ಅಷ್ಟೇ. ತಕ್ಕಡಿ ಸಮ ನಿಂತಿತಲ್ಲ, ಹಾಗಿದ್ದರೆ ಎದುರಾಳಿಯನ್ನು ಎರಡು ಗಜದ ಮೂಲೆಗೆ ತಳ್ಳಿದ ಲಾಭ ಪೂರ್ತಿ ನುಗ್ಗುವವನದು. ಆದರೂ ವೃತ್ತಿಪರ ಕೋಚ್‌ಗಳು ಬಹಳ ವರ್ಷ ಒದೆಯುತ್ತಲೇ ಇದ್ದರು. ಅಂಥವರೇ ಹಾಗಿದ್ದರೆಂದ ಮೇಲೆ ನಿಮ್ಮ ಊರಿನ ಕೋಚನ್ನು ಏನೆನ್ನಲಿ?

ಈಗ ಮುಖ್ಯ ಮಾತು. ನಾಲ್ಕನೇ ಡೌನ್ ಆಡುತ್ತೇವೆ ಎಂಬ ತೀರ್ಮಾನ ಮೊದಲನೇ ಡೌನ್‌ಗೆ ಮುಂಚೆಯೇ ಆಗಿರಬೇಕು, ಅದು ಹುಡುಗರಿಗೂ ಗೊತ್ತಿರಬೇಕು. ಯಾಕೆಂದರೆ ಮೂರೇ ಅವಕಾಶ ಇರುವವನ ಆಟ ಬೇರೆ, ನಾಲ್ಕು ಇರುವವನ ಆಟ ಬೇರೆ. ಮೂರನೇ ಡೌನ್, ನಾಲ್ಕು ಗಜ. ಮೂರೇ ಅವಕಾಶವಾದರೆ ಪೂರ್ತಿ ನಾಲ್ಕು ಗಜ ಈಗಲೇ ಬೇಕು, ಎಂಡ್ ಝೋನ್‌ಗೇ ಎಸೆಯಬೇಕು, ಅದು ಎದುರಾಳಿಗೂ ಗೊತ್ತು. ನಾಲ್ಕಿದ್ದರೆ ಓಡಿ ಮೂರು ಗಜ ಗಳಿಸಿದರೂ ಸಾಕು, ಉಳಿದ ಒಂದನ್ನು ಆಮೇಲೆ ನೋಡಿಕೊಳ್ಳಬಹುದು.

2021ರ ಜನವರಿ 24ರಂದು ಗ್ರೀನ್ ಬೇಯ ಲ್ಯಾಂಬೋ ಫೀಲ್ಡ್‌ನಲ್ಲಿ ಆದದ್ದು ಇದೇ. ಗೆದ್ದವರಿಗೆ ಸೂಪರ್ ಬೌಲ್, ವರ್ಷದ ಅಂತಿಮ ಪಂದ್ಯ. ಪ್ಯಾಕರ್ಸ್ ತಂಡ ಟ್ಯಾಂಪಾ ಬೇಗಿಂತ ಎಂಟು ಅಂಕ ಹಿಂದೆ, 31-23. ಎಂಟು ಗಜದ ಗೆರೆಯಿಂದ ಅವರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವರು) ಆರನ್ ರಾಜರ್ಸ್ ಮೂರು ಸಲ ಎಸೆದರು, ಮೂರೂ ನೆಲಕ್ಕೆ. ಮೂರನೆಯದರಲ್ಲಿ ಸ್ವತಃ ಓಡಲು ಒಂದಿಷ್ಟು ಜಾಗವಿತ್ತು, ಓಡಲಿಲ್ಲ. ನಾಲ್ಕನೇ ಡೌನ್, ಎರಡು ನಿಮಿಷಕ್ಕಿಂತ ತುಸು ಹೆಚ್ಚು ಬಾಕಿ. ಕೋಚ್ ಮ್ಯಾಟ್ ಲಾಫ್ಲೂರ್ ಫೀಲ್ಡ್ ಗೋಲ್ ಒದೆಸಿದರು. 31-26. ಮೊದಲೂ ಒಂದು ಟಚ್‌ಡೌನ್ ಬೇಕಿತ್ತು, ಒದ್ದ ಮೇಲೂ ಒಂದು ಟಚ್‌ಡೌನ್ ಬೇಕಿತ್ತು! ಟ್ಯಾಂಪಾದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಕೈಗೆ ಹೋದ ಚೆಂಡು ತಿರುಗಿ ಬರಲೇ ಇಲ್ಲ. ನಾಲ್ಕನೆಯದೂ ಸಿಗಬಹುದು ಅಂದುಕೊಂಡಿದ್ದೆ ಎಂಬರ್ಥದ ಮಾತನ್ನು ಪಂದ್ಯ ಮುಗಿದ ಮೇಲೆ ರಾಜರ್ಸ್ ಆಡಿದರು. ಜನ ಇವತ್ತಿಗೂ ಆ ಕಿಕ್ಕನ್ನು ಬೈಯುತ್ತಾರೆ. ನನಗೆ ಕಿಕ್ಕಿಗಿಂತ ಕೆಟ್ಟದಾಗಿ ಕಾಣುವುದು, ತನಗೆ ಎಷ್ಟು ಅವಕಾಶವಿದೆ ಎಂದು ಆಡುವವನಿಗೇ ಗೊತ್ತಿಲ್ಲದಿದ್ದದ್ದು.

ತೀರ್ಮಾನವಾಯಿತು, ಇನ್ನು ಆ ನಡುವೆ ನುಗ್ಗುವ ಚಟ. ಮೈದಾನದ ನಡುವೆ ಎದುರಾಳಿ ಹಿಂದೆಯೂ ಇಬ್ಬರನ್ನು ಕಾವಲಿಡಬೇಕು. ಗೋಲ್ ಲೈನ್ ಹತ್ತಿರ ಆ ಚಿಂತೆಯಿಲ್ಲ. ಎಂಡ್ ಝೋನ್ ಆಳ ಹತ್ತೇ ಗಜ, ಅದರ ಹಿಂದಿನ ಗೆರೆ ಅವರ ಪಾಲಿಗೆ ಸಂಬಳವಿಲ್ಲದ ಕಾವಲುಗಾರ. ಹಾಗಾಗಿ ಹಿಂದಿದ್ದವರೂ ಮುಂದೆ ಬಂದು ತುಂಬಿಕೊಳ್ಳುತ್ತಾರೆ, ಸಂತೆಯ ದಿನದ ಬಸ್ಸಿನ ಬಾಗಿಲಂತೆ. ನಿಮ್ಮವರು ಅದೇ ಬಾಗಿಲಿಗೆ ನುಗ್ಗುತ್ತಾರೆ. ಆಳ ಹೋಯಿತು, ಸರಿ. ಅಗಲ ಎಲ್ಲಿಗೂ ಹೋಗಿಲ್ಲ: 160 ಅಡಿ, ಎಂದರೆ 53 ಗಜ ಒಂದು ಅಡಿ. ಅದನ್ನು ಬಳಸಿ.

ಬಳಸುವುದು ಹೇಗೆಂದು ನೋಡಬೇಕಿದ್ದರೆ 2023ರ ಫೆಬ್ರವರಿ 12ರ ಸೂಪರ್ ಬೌಲ್‌ನ ಕೊನೆಯ ಕ್ವಾರ್ಟರ್ ಹಾಕಿಕೊಳ್ಳಿ, ಕಾನ್ಸಸ್ ಸಿಟಿ ಮತ್ತು ಫಿಲಡೆಲ್ಫಿಯಾ. ಐದು ಗಜ ಬಾಕಿ. ಹೊರಗಡೆ ನಿಂತಿದ್ದ ಕಾನ್ಸಸ್ ಸಿಟಿಯ ಕಡೇರಿಯಸ್ ಟೋನಿ ಸ್ನ್ಯಾಪ್‌ಗೆ (ಸೆಂಟರ್ ಚೆಂಡು ಹಿಂದಕ್ಕೆ ಕೊಡುವುದಕ್ಕೆ) ಮುಂಚೆ ಒಳಗಡೆಗೆ ಓಡತೊಡಗುತ್ತಾನೆ, ಆ ಬದಿಯಿಂದ ಈ ಬದಿಗೆ ದಾಟುವವನ ಹಾಗೆ. ಕಾವಲಿನವರು "ನಿನ್ನವನು ಬಂದ" ಎಂದು ಒಬ್ಬರಿಗೊಬ್ಬರು ಕೈ ತೋರಿಸುತ್ತ ಒಳಕ್ಕೆ ಸರಿಯುತ್ತಾರೆ. ಎರಡೇ ಹೆಜ್ಜೆ, ಅವನು ಪಾದ ಊರಿ ಬಂದ ದಾರಿಗೇ ತಿರುಗುತ್ತಾನೆ. ಸುತ್ತಮುತ್ತ ಯಾರೂ ಇಲ್ಲ. ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಚೆಂಡನ್ನು ಎಸೆದದ್ದಲ್ಲ, ಮಗುವಿಗೆ ಕೊಟ್ಟ ಹಾಗೆ ಕೊಟ್ಟರು. ಮುಂದಿನ ಸಲ ನಾಲ್ಕು ಗಜದಿಂದ ಅದೇ ಪ್ಲೇ, ಕನ್ನಡಿಯಲ್ಲಿ ನೋಡಿದಂತೆ ಇನ್ನೊಂದು ಬದಿಗೆ, ಸ್ಕೈ ಮೂರ್‌ಗೆ. ಮತ್ತೆ ಟಚ್‌ಡೌನ್. 38-35ಕ್ಕೆ ಗೆದ್ದರು. ಒಂದೇ ಉಪಾಯ, ಎರಡು ಬದಿ. ನಲವತ್ತು ಪ್ಲೇ ಬೇಕಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ನಿಮ್ಮ ಮಗ ಟೈಟ್ ಎಂಡ್ ಅಲ್ಲವೇ, ಅವನಿಗೊಂದು ಕೆಲಸ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನಿಗೆ ಕೊಟ್ಟಂತೆ ನಟಿಸಿ ಬದಿಗೆ ಓಡುವ ಪ್ಲೇಯಲ್ಲಿ ಟೈಟ್ ಎಂಡ್ ಮೊದಲು ಬ್ಲಾಕ್ ಮಾಡಿ ಆಮೇಲೆ ಜಾರಿಕೊಳ್ಳಬೇಕು. ಹುಡುಗರು ಇಲ್ಲಿ ಕಳ್ಳಾಟ ಆಡುತ್ತಾರೆ: ಮುಟ್ಟಿದಂತೆ ಮಾಡಿ ಓಡುತ್ತಾರೆ. ಎದುರಾಳಿ ಲೈನಿನ ಹಿಂದೆ ಕಾವಲಿರುವ ಲೈನ್‌ಬ್ಯಾಕರ್ ನೋಡುವುದೇ ಅದನ್ನು. ಎರಡು ಎಣಿಸುವಷ್ಟು ಹೊತ್ತು ನಿಜವಾಗಿ ತಳ್ಳಬೇಕು, ಎದುರಿನವನಿಗೆ ಪಕ್ಕೆಲುಬು ನೋಯಬೇಕು, ಆಮೇಲೆ ಹೊರಕ್ಕೆ. ನಮ್ಮ ಹುಡುಗನೊಬ್ಬನಿಗೆ ಈ ಎರಡು ಎಣಿಕೆ ಕಲಿಸಲು ನನಗೆ ಒಂದು ಇಡೀ ಸೀಸನ್ ಹಿಡಿಯಿತು.

ಇನ್ನೊಂದು, ಇದು ನನ್ನ ಹಟ ಎಂದೇ ತಿಳಿಯಿರಿ. ಈಗಿನ ತಂಡಗಳೆಲ್ಲ ಸದಾ ಶಾಟ್‌ಗನ್. ಕ್ವಾರ್ಟರ್‌ಬ್ಯಾಕ್ ಐದು ಗಜ ಹಿಂದೆ ನಿಂತು ಚೆಂಡು ತರಿಸಿಕೊಳ್ಳುತ್ತಾನೆ. ಒಂದು ಗಜ ಬೇಕಾದಾಗಲೂ ಹಾಗೇ ನಿಂತರೆ ಒಂದನ್ನು ಆರು ಮಾಡಿಕೊಂಡಂತೆ. ಸೆಂಟರ್ ಬೆನ್ನಿಗೇ ನಿಂತು ಚೆಂಡು ತೆಗೆದುಕೊಳ್ಳುವುದನ್ನು ವಾರಕ್ಕೊಮ್ಮೆಯಾದರೂ ಅಭ್ಯಾಸ ಮಾಡಿಸಿ, ಒದ್ದೆ ಚೆಂಡಿನಲ್ಲಿ. ಬಕೆಟ್ ನೀರು ಪಕ್ಕದಲ್ಲಿರಲಿ. ನಾವು ಮಂಗಳವಾರ ಅಭ್ಯಾಸದ ಕೊನೆಗೆ ಮೂರು ಗಜದ ಗೆರೆಯ ಮೇಲೆ ಚೆಂಡಿಟ್ಟು ಆಫೆನ್ಸಿಗೆ ನಾಲ್ಕು ಡೌನ್ ಕೊಡುತ್ತಿದ್ದೆವು. ಸೋತವರು ಗೆದ್ದವರ ಹೆಲ್ಮೆಟ್ ಹೊರಬೇಕು. ಅಕ್ಟೋಬರ್ ಹೊತ್ತಿಗೆ ಹುಡುಗರಿಗೆ ನಾಲ್ಕನೇ ಡೌನ್ ಎಂದರೆ ಮಂಗಳವಾರದ ಮಾಮೂಲಿ.

ಯಾವಾಗಲೂ ಒದೆಯಬೇಡಿ ಎಂದು ನಾನು ಹೇಳಿಲ್ಲ, ಆ ಪತ್ರ ಬರೆಯಬೇಡಿ. ಅಂಕ ಸಮ ಇದ್ದು ಕೊನೆಯ ಸೆಕೆಂಡುಗಳಾದರೆ ಒದೆಯಿರಿ. ಎರಡು ಅಂಕ ಹಿಂದಿದ್ದು ಗಡಿಯಾರ ಮುಗಿಯುತ್ತಿದ್ದರೂ ಅಷ್ಟೇ. ಪಂದ್ಯದ ಮೊದಲ ಭಾಗದಲ್ಲಿ ನಾಲ್ಕನೇ ಡೌನ್‌ಗೆ ಎಂಟು ಗಜ ಬಾಕಿಯಿದ್ದರೆ ನಾನೂ ಒದೆಸುತ್ತೇನೆ. ಒಂದೆರಡು ಗಜಕ್ಕೆ ಒದೆಸುವುದಿಲ್ಲ.

ಪ್ರಶ್ನೆ: ಒಂದು ಗಜ ಇದ್ದಾಗ ಎಸೆಯಲೇಬಾರದು ಎಂದು 2015ರ ಸೂಪರ್ ಬೌಲ್ ಕಲಿಸಲಿಲ್ಲವೇ? (ಸಿಯಾಟಲ್‌ನಿಂದ, ಇನ್ನೆಲ್ಲಿಂದ!)

ಇಲ್ಲ. ಅಂದು ಒಂದು ಗಜದಿಂದ ಎಸೆದ ಚೆಂಡು ನ್ಯೂ ಇಂಗ್ಲೆಂಡ್ ಪಾಲಾಗಿ ನಿಮ್ಮವರು ಸೋತರು. ನಿಮ್ಮ ಊರಿನ ದುಃಖ ಅರ್ಥವಾಗುತ್ತದೆ, ಪಾಠ ತಪ್ಪು. 26 ಸೆಕೆಂಡ್, ಎರಡನೇ ಡೌನ್, ಒಂದು ಗಜ, ಉಳಿದದ್ದು ಒಂದೇ ಟೈಮ್‌ಔಟ್. ಸಿಯಾಟಲ್ ಓಟಗಾರ ಮಾರ್ಶಾನ್ ಲಿಂಚ್ ಓಡಿ ಸಿಕ್ಕಿಬಿದ್ದರೆ ಗಡಿಯಾರ ನಿಲ್ಲುವುದಿಲ್ಲ, ಆ ಟೈಮ್‌ಔಟ್ ಅಲ್ಲೇ ಖರ್ಚು. ಎಸೆದು ನೆಲಕ್ಕೆ ಬಿದ್ದರೆ ಗಡಿಯಾರ ತಾನೇ ನಿಲ್ಲುತ್ತದೆ, ಇನ್ನೂ ಎರಡು ಸಲ ಓಡಬಹುದು. ಕೋಚ್ ಪೀಟ್ ಕ್ಯಾರೊಲ್ ಎಸೆಯಲು ಹೇಳಿದ್ದರಲ್ಲಿ ಹುಚ್ಚೇನಿಲ್ಲ. ತಪ್ಪಿದ್ದು ಎಲ್ಲಿಗೆ ಎಸೆದರು ಎಂಬಲ್ಲಿ: ಜನ ತುಂಬಿದ ಒಳಬದಿಗೆ, ಓರೆಯಾಗಿ. ಆ ಪ್ಲೇಯನ್ನು ಅಭ್ಯಾಸದಲ್ಲೇ ಕಂಡಿದ್ದ ನ್ಯೂ ಇಂಗ್ಲೆಂಡ್‌ನ ಮಾಲ್ಕಮ್ ಬಟ್ಲರ್ ರಿಸೀವರ್‌ಗಿಂತ ಮುಂಚೆ ಅಲ್ಲಿಗೆ ತಲುಪಿದ. ಒಂದು ಪ್ಲೇ ಕೆಟ್ಟಿತೆಂದು ಎಸೆಯುವುದನ್ನೇ ಬಿಡುವುದು, ಒಮ್ಮೆ ಸೀದ ಅನ್ನಕ್ಕೆ ಒಲೆಯನ್ನೇ ಒಡೆದಂತೆ.

ಪ್ರಶ್ನೆ: ಫಿಲಡೆಲ್ಫಿಯಾದ ಈಗಲ್ಸ್ ತಂಡ ಕ್ವಾರ್ಟರ್‌ಬ್ಯಾಕನ್ನು ಹಿಂದಿನಿಂದ ತಳ್ಳಿ ಗೆರೆ ದಾಟಿಸುತ್ತದಲ್ಲ, ಅದನ್ನು ನಮ್ಮ ಹನ್ನೆರಡು ವರ್ಷದ ಮಕ್ಕಳಿಗೆ ಕಲಿಸಬಹುದೇ?

ಬೇಡ. ಅವರ ಕ್ವಾರ್ಟರ್‌ಬ್ಯಾಕ್ ಜೇಲೆನ್ ಹರ್ಟ್ಸ್ ಬೆನ್ನ ಮೇಲೆ ಆರುನೂರು ಪೌಂಡ್ ಹೊತ್ತು ಬೈಠಕ್ ಹೊಡೆಯುವ ಆಳು. ನಿಮ್ಮ ಹುಡುಗ ಶಾಲೆಯ ಬ್ಯಾಗ್ ಹೊತ್ತರೆ ಬೆನ್ನು ನೋವು ಅನ್ನುತ್ತಾನೆ. ಅದನ್ನು ನಿಷೇಧಿಸಲು 2025ರ ಮೇನಲ್ಲಿ ವೃತ್ತಿಪರ ಲೀಗ್‌ನ 32 ತಂಡಗಳಲ್ಲಿ 22 ಕೈ ಎತ್ತಿದವು, ಬೇಕಿದ್ದದ್ದು 24. ದೊಡ್ಡವರ ಜಗಳ ಅದು. ಮಕ್ಕಳ ಕುತ್ತಿಗೆ ವಿಚಾರದಲ್ಲಿ ನಾನು ಹೇಡಿ, ಹೇಡಿಯಾಗಿಯೇ ಇರುತ್ತೇನೆ.

ಪ್ರಶ್ನೆ: ಮಗ ಆರಡಿ ಮೂರಂಗುಲ. ಮೂಲೆಗೆ ಎತ್ತಿ ಎಸೆದರೆ ಹಿಡಿಯುವುದಿಲ್ಲವೇ?

ಎಸೆಯುವವನು ಹದಿನಾರರ ಹುಡುಗನಾದರೆ ಆ ಚೆಂಡು ಗ್ಯಾಲರಿಯಲ್ಲಿ ಕೂತ ನಿಮ್ಮ ಮಡಿಲಿಗೆ ಬೀಳುವ ಸಂಭವವೇ ಹೆಚ್ಚು.

ಪ್ರಶ್ನೆ: ವಾಟ್ಸ್ಯಾಪ್‌ನಲ್ಲಿ 'ರೆಡ್ ಝೋನ್ ರಹಸ್ಯ' ಎಂಬ ಪಿಡಿಎಫ್ ಬಂದಿದೆ, 60 ಪ್ಲೇ, 49 ಡಾಲರ್, 'ಶೇಕಡಾ 90 ಟಚ್‌ಡೌನ್ ಗ್ಯಾರಂಟಿ'. ಕೊಳ್ಳಲೇ?

ವೃತ್ತಿಪರ ತಂಡಗಳು ಟಚ್‌ಡೌನ್ ಆದ ಮೇಲೆ ಒದೆಯುವ ಬದಲು ಎರಡು ಗಜದಿಂದ ಎರಡು ಅಂಕಕ್ಕೆ ಪ್ರಯತ್ನಿಸಿದಾಗ ಅರ್ಧಕ್ಕಿಂತ ತುಸು ಕಡಿಮೆ ಸಲವೇ ಗೆಲ್ಲುತ್ತವೆ. ಕೋಟಿಗಟ್ಟಲೆ ಸಂಬಳದವರಿಗೆ ಸಿಗದ ತೊಂಬತ್ತು ಈ ಬೇರು-ನಾರು ಮಾರುವವನಿಗೆ ಸಿಕ್ಕಿತೇ? ಆ ದುಡ್ಡಿಗೆ ಎರಡು ಚೆಂಡು ಕೊಳ್ಳಿ, ನೆನೆಸಿ ಅಭ್ಯಾಸ ಮಾಡಲು.

ಪ್ರಶ್ನೆ: ಇದು ಕ್ರಿಕೆಟ್‌ನ ಡೆತ್ ಓವರ್ ಇದ್ದ ಹಾಗೆ ಅಲ್ಲವೇ ಸಾರ್?

ಅಲ್ಲ.