ಗೋವಾದ ಅರಂಬೋಲ್ ಬೀಚ್‌ನಿಂದ ಕೇರಿ ಬೀಚ್‌ಗೆ ನಡೆಯಲು ಕಾಲಿಗೆ ಏನು ಹಾಕಿಕೊಳ್ಳಬೇಕು?

ಅಕ್ಕಾ, ಸಹ್ಯಾದ್ರಿಯ ಮಳೆಗಾಲದ ಟ್ರೆಕ್‌ಗೆ ಕೊಂಡ ವಾಟರ್‌ಪ್ರೂಫ್ ಬೂಟನ್ನೇ ಡಿಸೆಂಬರ್‌ನಲ್ಲಿ ಅರಂಬೋಲ್–ಕೇರಿ ನಡಿಗೆಗೂ ತರಲಾ ಎಂದು ಕೇಳಿದ್ದೀರಿ. ಬೇಡ, ಪುಣೆಯಲ್ಲೇ ಬಿಟ್ಟು ಬನ್ನಿ. ಮೇಲಿನಿಂದ ಒಂದು ಅಲೆ ಒಳಗೆ ನುಗ್ಗಿದರೆ ಮುಗಿಯಿತು. ಹೊರಗಿನ ನೀರನ್ನು ತಡೆಯುವ ಪದರವೇ ಒಳಗಿನ ನೀರನ್ನೂ ಹಿಡಿದಿಡುತ್ತದೆ. ಆ ಬೂಟು ಒಣಗುವುದೂ ಬಲು ನಿಧಾನ.

ಈ ಚರ್ಚೆಯಲ್ಲಿ ಇನ್ನೊಬ್ಬರು ಮರಳಿಗೆ ಆಳವಾದ ಹಲ್ಲಿರುವ ಸೋಲ್ ಬೇಕು ಎಂದಿದ್ದಾರೆ. ನಾನು ಒಪ್ಪುವುದಿಲ್ಲ. ಒಣ ಮರಳಲ್ಲಿ ಹಲ್ಲಿಗೆ ಕಚ್ಚಿಕೊಳ್ಳಲು ಏನೂ ಸಿಗುವುದಿಲ್ಲ, ಕಾಲಡಿಯ ಮರಳೇ ಸರಿದುಹೋಗುತ್ತದೆ. ಗಟ್ಟಿ ನೆಲಕ್ಕಿಂತ ಅಲ್ಲಿ ಎರಡು ಪಟ್ಟಿಗೂ ಜಾಸ್ತಿ ಶಕ್ತಿ ಖರ್ಚಾಗುವುದು ಅದಕ್ಕೇ. ಅಗಲ ಸೋಲ್ ಇರಲಿ, ತೂಕ ಕಡಿಮೆ ಇರಲಿ, ಸಾಕು. ಅಲೆ ಬಂದು ಹೋದ ಒದ್ದೆ ಮರಳಿನ ಮೇಲೆ ನಡೆಯುವುದು ಸುಲಭ. ಆದರೆ ಅದು ಸಮುದ್ರದ ಕಡೆ ವಾಲಿರುತ್ತದೆ. ತುಂಬಾ ಹೊತ್ತು ಹಾಗೇ ನಡೆದರೆ ಮೊಣಕಾಲು ಹಿಡಿದುಕೊಳ್ಳುತ್ತದೆ. ಆಗಾಗ ಮೇಲಕ್ಕೆ ಬನ್ನಿ.

ಈ ದಾರಿಗೆ ಪಾದರಕ್ಷೆ ಆರಿಸುವಾಗ ನಾನು ಮರಳಿಗಿಂತ ಕಲ್ಲಿನ ಬಗ್ಗೆಯೇ ಜಾಸ್ತಿ ಯೋಚಿಸುತ್ತೇನೆ. ಅರಂಬೋಲ್‌ನ ಉತ್ತರ ತುದಿಯ ಅಂಗಡಿ ಸಾಲು ದಾಟಿ ಕಲಾಚಾ ಬೀಚ್, ಸ್ವೀಟ್ ಲೇಕ್ ತನಕ ಆರಾಮ. ಅಲ್ಲಿಂದ ಕೇರಿ ಕಡೆಗೆ ಗುಡ್ಡ, ಬಂಡೆ, ಚೂಪು ಅಂಚಿನ ಜಂಬಿಟ್ಟಿಗೆ ಕಲ್ಲು. ನೀರು ತಾಗುವ ಬಂಡೆಗಳ ಮೇಲೆ ಪಾಚಿ ಇರುತ್ತದೆ, ಬ್ಲೇಡಿನ ಹಾಗೆ ಕೊಯ್ಯುವ ಚಿಪ್ಪುಗಳೂ ಕಚ್ಚಿಕೊಂಡಿರುತ್ತವೆ. ಹವಾಯಿ ಚಪ್ಪಲಿ ಜಾರುತ್ತದೆ. ಬರಿಗಾಲಿನ ಮಾತೇ ಬೇಡ.

ಹಾಗಾಗಿ ನಿಮಗೆ ಬೆರಳು ಮುಚ್ಚುವ, ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಒಳ್ಳೆಯದು. ರಬ್ಬರ್ ಸೋಲ್ ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು. ಕಲ್ಲಿನಂತೆ ಗಟ್ಟಿಯಾಗಿದ್ದರೆ ಪಾಚಿಯ ಮೇಲೆ ನಿಲ್ಲುವುದಿಲ್ಲ. ಮರಳು ಒಳಗೆ ಬಂದೇ ಬರುತ್ತದೆ, ನೀರಲ್ಲಿ ಕಾಲು ಅಲ್ಲಾಡಿಸಿದರೆ ಹೋಗುತ್ತದೆ. ಪಟ್ಟಿಯಡಿ ಉಳಿದದ್ದು ಮಾತ್ರ ಚರ್ಮ ಉಜ್ಜುತ್ತದೆ. ಅದಕ್ಕೆ ಹೊಸದನ್ನು ಮನೆಯ ಹತ್ತಿರವೇ ನಾಲ್ಕು ದಿನ ಹಾಕಿಕೊಂಡು ನಡೆದು ನೋಡಿ. ಗೋವಾದಲ್ಲೇ ಕೊಳ್ಳುವುದಾದರೆ ಮಾಪ್ಸಾ ಪೇಟೆ ವಾಸಿ. ಬೀಚ್ ಅಂಗಡಿಯ ಮಾಲು ಫೋಟೋಗೆ ಚೆಂದ, ಅಷ್ಟೇ.

ಮಗನಿಗೆ ಹಳೆಯ ರನ್ನಿಂಗ್ ಶೂ ಇದ್ದರೆ ಅದೇ ಸಾಕು, ಸುಮ್ನೆ ಖರ್ಚು ಬೇಡ. ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇದೆಯಾ ನೋಡಿ, ಬಿಸಿಲಲ್ಲಿ ನಡೆದರೆ ಪಾದ ಊದುತ್ತದೆ. ಬಲೆಯಂಥ ಬಟ್ಟೆಯ ಶೂ ಒಳಗೆ ನಯವಾದ ಮರಳು ನುಗ್ಗುತ್ತದೆ, ಆದ್ದರಿಂದ ತೆಳು ಸಿಂಥೆಟಿಕ್ ಸಾಕ್ಸ್ ಹಾಕಿಸಿ. ಹತ್ತಿಯದು ಬೆವರು ಹಿಡಿದುಕೊಂಡು ಗುಳ್ಳೆ ಏಳಿಸುತ್ತದೆ. ಇನ್ನೊಂದು ಜೊತೆ ಸಾಕ್ಸ್ ಚೀಲದಲ್ಲಿರಲಿ.

ಇಳಿತದ ಹೊತ್ತು ನೋಡಿಕೊಂಡೇ ಹೊರಡಿ. ಉಬ್ಬರದಲ್ಲಿ ಬಂಡೆಗಳ ಬುಡದಲ್ಲಿ ಹೋಗಬೇಡಿ, ಗುಡ್ಡದ ದಾರಿ ಹಿಡಿಯಿರಿ.

ವಾಪಸ್ ಬಂದ ದಿನವೇ ಸಿಹಿನೀರಲ್ಲಿ ತೊಳೆದು, ಇನ್‌ಸೋಲ್ ತೆಗೆದು, ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಅಂಟು ಬಿಡುತ್ತದೆ. ಈಗ ಇರುವ ಸ್ಯಾಂಡಲ್‌ನ ಸೋಲ್ ಫೋಟೋ ಇಲ್ಲಿ ಹಾಕಿ, ನಡೆಯುತ್ತದಾ ಇಲ್ಲವಾ ಹೇಳುತ್ತೇನೆ.