ಅಪ್ಪನಿಗೆ ಪಾರ್ಕಿನ್ಸನ್ ಅಂದಿದ್ದಾರೆ, ಮಾತ್ರೆ ಹಿಡಿಯುತ್ತಿಲ್ಲ, ಪದೇ ಪದೇ ಹಿಂದಕ್ಕೆ ಬೀಳುತ್ತಾರೆ. ಪೆಟ್ ಸ್ಕ್ಯಾನ್ ಮಾಡಿಸಲೇ?

ಸ್ಕ್ಯಾನ್ ಆಮೇಲೆ. "ಹಿಂದಕ್ಕೆ" ಅಂತ ಬರೆದಿದ್ದೀರಲ್ಲ, ಡಾಕ್ಟರಿಗೂ ಹಾಗೇ ಹೇಳಿದ್ದೀರಾ? ನಾವು ಹೇಳಿರಲಿಲ್ಲ. ನಮ್ಮಪ್ಪ ಬಚ್ಚಲಲ್ಲಿ ಬಿದ್ದಾಗ "ಜಾರಿದರು" ಅಂದೆವು, ಹಜಾರದಲ್ಲಿ ಬಿದ್ದಾಗ "ಪಂಚೆ ಕಾಲಿಗೆ ಸಿಕ್ಕಿತು" ಅಂದೆವು. ನೆಲ ಒಣಗಿತ್ತು, ಪಂಚೆ ಮೇಲಕ್ಕೆ ಕಟ್ಟಿತ್ತು. ಕಾರಣವೇ ಇಲ್ಲದೆ ಬೀಳುವುದೇ ಲಕ್ಷಣ. ನಾವು ಪ್ರತಿ ಸಲ ಕಾರಣ ಹುಡುಕಿಕೊಟ್ಟು ಅದನ್ನು ಮುಚ್ಚಿಹಾಕಿದೆವು. ಪಾರ್ಕಿನ್ಸನ್‌ನಲ್ಲಿ ಬೀಳುವುದು ಸಾಮಾನ್ಯವಾಗಿ ಎಷ್ಟೋ ವರ್ಷದ ಮೇಲೆ. ಪಾರ್ಕಿನ್ಸನ್‌ನಂತೆಯೇ ಕಾಣುವ ಇನ್ನೊಂದು ಮೆದುಳಿನ ಕಾಯಿಲೆ ಇದೆ, ಪ್ರೊಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ, ಅಂದರೆ ಪಿಎಸ್‌ಪಿ. ಅದರಲ್ಲಿ ಬೇಗ. ಪಿಎಸ್‌ಪಿಯ 2017ರ ರೋಗನಿರ್ಣಯ ಮಾನದಂಡ ನೋಡುವುದೇ ಮೊದಲ ಮೂರು ವರ್ಷದೊಳಗೆ ಬಿದ್ದರೇ ಎಂದು. ಹಾಗಾಗಿ ಮೊದಲ ಸಲ ಬಿದ್ದದ್ದು ಯಾವ ತಿಂಗಳು, ಯಾವ ಕಡೆಗೆ, ಏನು ಮಾಡುತ್ತಿದ್ದಾಗ, ಬರೆದಿಡಿ.

ಪಿಎಸ್‌ಪಿಯ ಇನ್ನೊಂದು ಗುರುತು, ಕಣ್ಣು. ನಮ್ಮಪ್ಪ ಮುದ್ದೆ ಮುರಿಯುವಾಗ ತಟ್ಟೆ ನೋಡುತ್ತಿರಲಿಲ್ಲ, ಎದುರಿನ ಗೋಡೆ ನೋಡುತ್ತಿದ್ದರು. ಸಾರೆಲ್ಲ ಅಂಗಿಯ ಮೇಲೆ. ನಾವು ಪ್ರೊಗ್ರೆಸಿವ್ ಲೆನ್ಸ್ ಮಾಡಿಸಿದೆವು. ಅದರಲ್ಲಿ ಓದುವ ಭಾಗ ಇರುವುದೇ ಕೆಳಗೆ. ಕಣ್ಣೇ ಕೆಳಗಿಳಿಯದವರಿಗೆ ಅದು ದಂಡ.

ನಿಮ್ಮ ಅಪ್ಪನನ್ನು ಕೂರಿಸಿ. ಮುಖದಿಂದ ಒಂದು ಮೊಳ ದೂರದಲ್ಲಿ ನಿಮ್ಮ ಹೆಬ್ಬೆರಳು ಹಣೆಯ ಮಟ್ಟಕ್ಕೆ, ಪೆನ್ನು ಗದ್ದಕ್ಕಿಂತ ಕೆಳಗೆ. ತಲೆ ಅಲ್ಲಾಡಿಸದೆ "ಬೆರಳು, ಪೆನ್ನು, ಬೆರಳು" ನೋಡಲಿ. ಎಷ್ಟು ಕೆಳಗೆ ಹೋಯಿತು ಅನ್ನುವುದಕ್ಕಿಂತ ಎಷ್ಟು ನಿಧಾನ ಅನ್ನುವುದು ಮುಖ್ಯ. ವೇಗವೇ ಮೊದಲು ತಗ್ಗುವುದು. ಮೊಬೈಲಲ್ಲಿ ಕಣ್ಣಿನ ಹತ್ತಿರದ ವಿಡಿಯೋ ಮಾಡಿ ನ್ಯೂರಾಲಜಿಸ್ಟ್‌ಗೆ ತೋರಿಸಿ. ಹಿಂದಿನಿಂದ ಭುಜ ಎಳೆದು ನೋಡುವ ಪರೀಕ್ಷೆ ಮಾತ್ರ ಮನೆಯಲ್ಲಿ ಬೇಡ.

"ಮಾತ್ರೆ ಹಿಡಿಯುತ್ತಿಲ್ಲ" ಅನ್ನಲು ದಿನಕ್ಕೆಷ್ಟು ಲೆವೊಡೋಪಾ ಆಗಿದೆ? ತಡೆದುಕೊಂಡರೆ ಹಂತಹಂತವಾಗಿ 1,000 ಮಿ.ಗ್ರಾಂವರೆಗೆ ಏರಿಸಿ, ಕನಿಷ್ಠ ಒಂದು ತಿಂಗಳು ನೋಡಿದ ಮೇಲೆ ಆಡುವ ಮಾತು ಅದು. ಏರಿಸುವುದು, ಇಳಿಸುವುದು ಡಾಕ್ಟರೇ. ನೀವಾಗಿ ಥಟ್ಟನೆ ನಿಲ್ಲಿಸಬೇಡಿ.

ದುಡ್ಡು ಹಾಕುವುದಾದರೆ ಮೊದಲು ಎಂಆರ್‌ಐ. ಮೆದುಳನ್ನು ನಡುವೆ ಸೀಳಿದಂತೆ ಕಾಣುವ ಸ್ಯಾಜಿಟಲ್ ಚಿತ್ರದಲ್ಲಿ, ಪಿಎಸ್‌ಪಿ ಇದ್ದರೆ, ಮಿಡ್‌ಬ್ರೈನ್ (ಮೆದುಳಿನ ಕಾಂಡದ ಮೇಲ್ಭಾಗ) ಸವೆದು, ಅದರ ಕೆಳಗಿನ ಪಾನ್ಸ್ ಹಾಗೇ ಉಳಿದು, ಹಮ್ಮಿಂಗ್‌ಬರ್ಡ್ ಹಕ್ಕಿಯ ಆಕಾರ ಬರುತ್ತದೆ. ಶುರುವಿನಲ್ಲಿ ಅದು ಕಾಣದೆಯೂ ಇರಬಹುದು. ರಿಪೋರ್ಟ್ ನಾರ್ಮಲ್ ಅಂತ ಕೈಬಿಡಬೇಡಿ.

ಪಿಎಸ್‌ಪಿಯೇ ಆದರೆ, ಡಾಕ್ಟರು 100 ಅಂಕದ ರೇಟಿಂಗ್ ಸ್ಕೇಲ್‌ನಲ್ಲಿ ಅಳೆಯುತ್ತಾರೆ. ಅಂಕ ಏರಿದಷ್ಟೂ ಕಾಯಿಲೆ ಹೆಚ್ಚಿದೆ ಎಂದರ್ಥ; ವರ್ಷಕ್ಕೆ ಸುಮಾರು 10 ಅಂಕ ಏರುವುದು ಸಾಮಾನ್ಯ. ಮನೆಯಲ್ಲಿ ತಿಂಗಳಿಗೊಮ್ಮೆ ತೂಕ, ಬಿದ್ದ ಲೆಕ್ಕ ಬರೆದಿಟ್ಟರೆ ಸಾಕು. ನೀರು ಕುಡಿಯುವಾಗ ಕೆಮ್ಮು ಶುರುವಾದರೆ ಮಾತ್ರ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಸ್ಪೀಚ್ ಥೆರಪಿಸ್ಟ್ ಹತ್ತಿರ ನುಂಗುವ ಪರೀಕ್ಷೆ ಮಾಡಿಸಿ.